ಬಸುರಿ, ಬಾಣಂತಿಯರಿಗೆ ತಿಳಿಯುವ ಹಾಗೆ ಹೇಳಿ: ಅಮೆರಿಕದ ಕನ್ನಡ ಕೂಟಗಳಿಗೂ ಕನ್ನಡಿಗ ವೈದ್ಯರಿಗೂ ಬಹಿರಂಗ ಪತ್ರ

ಮಾನ್ಯರೇ,

ಮುಂದಿನ ರಾಜ್ಯೋತ್ಸವದ ದಿನ ನಾಟಕ, ಕೋಲಾಟ, ಹೋಳಿಗೆ ಊಟದ ನಡುವೆ ಒಂದು ಗಂಟೆಯನ್ನು ಬಸುರಿಯರಿಗಾಗಿ ಎತ್ತಿಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ. ಬಸುರಿಯರ ಜೊತೆ ಅವರ ಗಂಡಂದಿರೂ, ಬಾಣಂತನಕ್ಕೆಂದು ಊರಿನಿಂದ ಬಂದಿರುವ ಅಮ್ಮಂದಿರು, ಅತ್ತೆಯರೂ ಆ ಒಂದು ಗಂಟೆ ಒಟ್ಟಿಗೆ ಕೂರಬೇಕು. ಅಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಕೆಳಗೆ ಬರೆದಿದ್ದೇವೆ. ಅಮೆರಿಕದ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗ ವೈದ್ಯರಿಗೆ, ನರ್ಸ್‌ಗಳಿಗೆ ಹೇಳಬೇಕಾದ ಮಾತೂ ಇದರಲ್ಲೇ ಇದೆ.

2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 18.6 ತಾಯಂದಿರು ತೀರಿಕೊಂಡರು. ಬಿಳಿಯರಲ್ಲಿ ಈ ಪ್ರಮಾಣ 14.5, ಕಪ್ಪು ಹೆಂಗಸರಲ್ಲಿ 50.3, ಏಷ್ಯನ್ನರಲ್ಲಿ 10.7. ಕೊನೆಯ ಅಂಕಿಯನ್ನು ನೋಡಿ ನಾವು ನಿರಾಳವಾಗುವಂತಿಲ್ಲ. ‘ಏಷ್ಯನ್’ ಎಂಬ ಆ ಒಂದೇ ಕಾಲಂನಲ್ಲಿ ಚೀನಾ, ಫಿಲಿಪ್ಪೀನ್ಸ್, ವಿಯೆಟ್ನಾಂ, ಭಾರತ ಎಲ್ಲ ಮೂಲದವರೂ ಸೇರಿಹೋಗಿದ್ದಾರೆ. ಬ್ರಿಟನ್ನಿನಲ್ಲಿ 2020–22ರ ಲೆಕ್ಕದ ಪ್ರಕಾರ ಏಷ್ಯನ್ ಹೆಂಗಸರ ಸಾವು ಬಿಳಿಯರಿಗಿಂತ ಸುಮಾರು ಎರಡು ಪಟ್ಟು. ಅಮೆರಿಕದಲ್ಲಿ 2017–2019ರ ತಾಯಿಮರಣಗಳನ್ನು ಒಂದೊಂದಾಗಿ ಪರಿಶೀಲಿಸಿದ ಸಮಿತಿಗಳು, ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂದವು. ಅರ್ಧಕ್ಕೂ ಹೆಚ್ಚು ಸಾವುಗಳು ಆಗಿದ್ದು ಹೆರಿಗೆಯಾಗಿ ಒಂದು ವಾರ ಕಳೆದ ಮೇಲೆ, ಒಂದು ವರ್ಷದೊಳಗೆ. ಅಂದರೆ ಆಸ್ಪತ್ರೆಯವರು ಮನೆಗೆ ಕಳಿಸಿ, ಬಾಣಂತನ ನಮ್ಮ ಕೈಗೆ ಬಂದ ಮೇಲೆ.

ಓದಿದವರಿಗೆ ಇದೆಲ್ಲ ಹೇಗೂ ಗೊತ್ತಿರುತ್ತದೆ ಎಂಬ ಮಾತು ಕೂಟಗಳಲ್ಲಿ ಸಾಮಾನ್ಯ. ಶಾಲನ್ ಇರ್ವಿಂಗ್ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯಲ್ಲೇ ವಿಜ್ಞಾನಿಯಾಗಿದ್ದರು. ಆರೋಗ್ಯದಲ್ಲಿನ ಅಸಮಾನತೆಯೇ ಅವರ ಅಧ್ಯಯನದ ವಿಷಯವಾಗಿತ್ತು. 2017ರ ಜನವರಿಯಲ್ಲಿ, ಹೆರಿಗೆಯಾದ ಸುಮಾರು ಮೂರು ವಾರಕ್ಕೆ, ಬಿಪಿ ಏರಿದ್ದರಿಂದಾದ ತೊಂದರೆಗಳಿಂದ ತೀರಿಕೊಂಡರು. ಅದಕ್ಕೆ ಮುಂಚೆ ಮತ್ತೆ ಮತ್ತೆ ವೈದ್ಯರ ಬಳಿ ಹೋಗಿ ಬಂದಿದ್ದರು. ಆಕೆ ಕಪ್ಪು ಹೆಂಗಸು. 2007ರಿಂದ 2016ರವರೆಗಿನ ಸಿಡಿಸಿ ಲೆಕ್ಕದಲ್ಲಿ ಕಾಲೇಜು ಪದವಿ ಪಡೆದ ಕಪ್ಪು ಹೆಂಗಸರ ಸಾವು ಅದೇ ಪದವಿ ಪಡೆದ ಬಿಳಿಯ ಹೆಂಗಸರಿಗಿಂತ 5.2 ಪಟ್ಟು. ತಿಳಿವಳಿಕೆ ಬಸುರಿಯ ತಲೆಯಲ್ಲಿ ಮಾತ್ರ ಇದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಎದುರು ಕೂತವರು ಕೇಳಿಸಿಕೊಳ್ಳಬೇಕು. ಹಾಗಾಗಿ ಈ ಪತ್ರದ ಅರ್ಧ ಭಾರ ವೈದ್ಯರ ಮೇಲಿದೆ.

ಮೊದಲು ಹೇಳುವ ರೀತಿ. ವೈದ್ಯರು ಹತ್ತು ನಿಮಿಷ ಮಾತಾಡಿ ‘ಅರ್ಥ ಆಯ್ತಾ?’ ಎಂದರೆ ನಮ್ಮ ಹೆಣ್ಣುಮಕ್ಕಳು ‘ಹೂಂ’ ಅನ್ನುತ್ತಾರೆ. ಅದು ಮರ್ಯಾದೆಯ ಹೂಂ. ಅದನ್ನು ಒಪ್ಪಿಗೆ ಎಂದಾಗಲಿ, ತಿಳಿದಿದೆ ಎಂದಾಗಲಿ ಬರೆದುಕೊಳ್ಳಬೇಡಿ. ಅದರ ಬದಲು ಹೀಗೆ ಕೇಳಿ: ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ಗೊತ್ತಾಗಬೇಕಮ್ಮ. ಮನೆಗೆ ಹೋದ ಮೇಲೆ ನಿಮ್ಮ ಅತ್ತೆಯವರಿಗೆ ಇದನ್ನ ಹೇಗೆ ಹೇಳ್ತೀರಿ?’ ಆಕೆ ತನ್ನ ಮಾತಿನಲ್ಲಿ ಹೇಳಲಿ. ಬಿಟ್ಟುಹೋದದ್ದನ್ನು ನೀವು ಬೇರೆ ಮಾತಿನಲ್ಲಿ ಹೇಳಿ, ಇನ್ನೊಮ್ಮೆ ಹೇಳಿಸಿ. ಒಂದು ಭೇಟಿಗೆ ಮೂರೇ ವಿಷಯ ಸಾಕು. ಹೇಳಿದ್ದು ತಲುಪದಿದ್ದರೆ ತಪ್ಪು ಹೇಳಿದವರದು ಎಂಬ ಧೋರಣೆ ಕೇಳುವ ದನಿಯಲ್ಲೇ ಇರಬೇಕು. ಪರೀಕ್ಷೆಯಂತೆ ಕೇಳಿದರೆ ಆಕೆ ಬಾಯಿ ಬಿಡುವುದಿಲ್ಲ. 2003ರಲ್ಲಿ ಅಮೆರಿಕ ಸರ್ಕಾರ ನಡೆಸಿದ ಸಮೀಕ್ಷೆಯಲ್ಲಿ ಆರೋಗ್ಯದ ಬರಹಗಳನ್ನು ಸಲೀಸಾಗಿ ಬಳಸಬಲ್ಲ ವಯಸ್ಕರು ನೂರಕ್ಕೆ 12 ಮಂದಿ ಮಾತ್ರ ಇದ್ದರು. ಆದ್ದರಿಂದ ಈ ಕ್ರಮ ಎಂಜಿನಿಯರ್‌ಗೂ ಬೇಕು, ಗಂಡನ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದಲ್ಲಿ ಹೊಸದಾಗಿ ಬಂದಿಳಿದ ಹುಡುಗಿಗೂ ಬೇಕು.

ಕೂಟಗಳು ಮಾಡಬೇಕಾದದ್ದು ಒಂದೇ ಒಂದು ಹಾಳೆ. ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಮೇಲ್ಭಾಗದಲ್ಲಿ ಹೆರಿಗೆಯಾದ ತಾರೀಖು, ವೈದ್ಯರ ಕಚೇರಿಯ ಹಗಲಿನ ನಂಬರು, ರಾತ್ರಿಯ ನಂಬರು. ಅದರ ಕೆಳಗೆ, ತಕ್ಷಣ ತುರ್ತು ಸಹಾಯದ ನಂಬರಾದ 911ಕ್ಕೆ ಕರೆ ಮಾಡಬೇಕಾದವು: ಎದೆನೋವು, ಉಸಿರು ಕಟ್ಟುವುದು, ಫಿಟ್ಸ್, ತನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಎಂಬ ಯೋಚನೆ. ಇನ್ನೂ ಕೆಳಗೆ, ಅದೇ ಗಂಟೆಯಲ್ಲಿ ವೈದ್ಯರಿಗೆ ಫೋನ್ ಮಾಡಬೇಕಾದವು: ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಕೋಳಿಮೊಟ್ಟೆಯಷ್ಟು ಅಥವಾ ಅದಕ್ಕಿಂತ ದೊಡ್ಡ ಹೆಪ್ಪು, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಮಾತ್ರೆ ನುಂಗಿದರೂ ಹೋಗದ ತಲೆನೋವು ಅಥವಾ ಕಣ್ಣು ಮಂಜಾಗುವುದು, ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಊತ, ಬಿಸಿ, ಮಾಗದ ಹೊಲಿಗೆ. ಫೋನ್ ಎತ್ತದಿದ್ದರೆ ಕಾಯುತ್ತ ಕೂರದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಇನ್ನೂ ಬಸುರಿಯಾಗಿರುವವರ ಹಾಳೆಗೆ ಮೂರು ಸಾಲು ಹೆಚ್ಚಿಗೆ: ನೀರು ಒಡೆಯುವುದು, ಯಾವ ತಿಂಗಳಲ್ಲೇ ಆಗಲಿ ರಕ್ತ ಕಾಣುವುದು, ಮಗುವಿನ ಅಲುಗಾಟ ಎಂದಿಗಿಂತ ಕಮ್ಮಿಯಾಗುವುದು.

ಹಾಳೆಯ ತಳದಲ್ಲಿ ಒಂದು ಇಂಗ್ಲಿಷ್ ವಾಕ್ಯವನ್ನು ಕನ್ನಡ ಅಕ್ಷರದಲ್ಲೇ ಬರೆಸಿ: ‘ಐ ಹ್ಯಾಡ್ ಎ ಬೇಬಿ ನೈನ್ ಡೇಸ್ ಅಗೋ.’ ದಿನದ ಜಾಗ ಖಾಲಿ ಬಿಟ್ಟು, ಅವರವರೇ ತುಂಬಿಕೊಳ್ಳಲಿ. ತುರ್ತು ವಿಭಾಗದಲ್ಲಿ ಮೊದಲು ಆಡಬೇಕಾದ ಮಾತು ಇದೇ. ಮಗುವನ್ನು ಮನೆಯಲ್ಲಿ ಬಿಟ್ಟು ಬಂದ ಹೆಂಗಸು ಬಾಣಂತಿ ಎಂದು ಯಾರಿಗೂ ಹೊಳೆಯುವುದಿಲ್ಲ. ಆಕೆಯ ತಲೆನೋವು ಬರೀ ತಲೆನೋವಾಗಿ ದಾಖಲಾಗುತ್ತದೆ. ಬಿಲ್ಲಿನ ಹೆದರಿಕೆಯಿಂದ ರಾತ್ರಿಯೆಲ್ಲ ಕಾಯುವವರಿಗೆ ಇದನ್ನೂ ಹೇಳಿ: 1986ರ ಎಮ್‌ಟಾಲಾ ಕಾಯ್ದೆಯ ಪ್ರಕಾರ ವಿಮೆ ಇರಲಿ ಬಿಡಲಿ, ವೀಸಾ ಯಾವುದೇ ಇರಲಿ, ತುರ್ತು ವಿಭಾಗ ಆಕೆಯನ್ನು ಪರೀಕ್ಷಿಸಲೇಬೇಕು, ಅಪಾಯದಿಂದ ಪಾರು ಮಾಡಲೇಬೇಕು. ಬಿಲ್ ಆಮೇಲೆ ಬರಬಹುದು. ಕಂತು, ರಿಯಾಯಿತಿ ಕೇಳಲು ಆಗ ಸಮಯ ಇರುತ್ತದೆ.

ಬಿಪಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಹೆರಿಗೆಯಾದ ಕೂಡಲೇ ಅಪಾಯ ಕಳೆಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬಿಪಿ ತುತ್ತತುದಿಗೆ ಏರುವುದು ಸಾಮಾನ್ಯವಾಗಿ ಹೆರಿಗೆಯ ನಂತರ ಮೂರರಿಂದ ಆರನೇ ದಿನದೊಳಗೆ. ಅಷ್ಟು ಹೊತ್ತಿಗೆ ಆಕೆ ಮನೆಯಲ್ಲಿರುತ್ತಾಳೆ. ವೈದ್ಯರ ಮುಂದಿನ ಭೇಟಿ ಎಷ್ಟೋ ಕಡೆ ಆರನೇ ವಾರಕ್ಕೆ ಬರೆದಿರುತ್ತದೆ. ಬಸುರಿನಲ್ಲೇ ಬಿಪಿ ಏರಿದ್ದವರನ್ನು ಹೆರಿಗೆಯಾದ 7ರಿಂದ 10 ದಿನದೊಳಗೆ, ತೀವ್ರವಾಗಿ ಏರಿದ್ದವರನ್ನು 72 ಗಂಟೆಯೊಳಗೆ ನೋಡಬೇಕು ಎಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಘದ ಸೂಚನೆ. ಆ ತಾರೀಖು ಬರೆಸಿಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ ಎಂದು ಗಂಡಂದಿರಿಗೆ ಹೇಳಿ.

ಮನೆಯಲ್ಲಿ ಅಳೆಯಲು ತೋಳಿಗೆ ಕಟ್ಟುವ ಯಂತ್ರವೇ ಬೇಕು, ಮಣಿಕಟ್ಟಿನದು ಬೇಡ. ಪಟ್ಟಿ ತೋಳಿನ ಸುತ್ತಳತೆಗೆ ಹೊಂದಬೇಕು. ಚಿಕ್ಕದಾದರೆ ಇಲ್ಲದ ಬಿಪಿ ತೋರಿಸುತ್ತದೆ, ದೊಡ್ಡದಾದರೆ ಇರುವ ಬಿಪಿಯನ್ನು ಮುಚ್ಚಿಡುತ್ತದೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಆನಿಸಿ, ಎರಡೂ ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು, ಎರಡನ್ನೂ ಬರೆದಿಡಿ. ಮಲಗಿಕೊಂಡು ಮಗುವಿಗೆ ಹಾಲು ಕುಡಿಸುತ್ತಲೇ ಅಳೆದ ಅಂಕಿಗೆ ಬೆಲೆಯಿಲ್ಲ. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅದೇ ದಿನ ಫೋನ್. 160 ಅಥವಾ 110 ಮುಟ್ಟಿದರೆ 15 ನಿಮಿಷ ಬಿಟ್ಟು ಮತ್ತೆ ಅಳೆದು, ಇಳಿಯದಿದ್ದರೆ ನೇರ ಆಸ್ಪತ್ರೆಗೆ. ಜೊತೆಗೆ ತಲೆನೋವೋ, ಕಣ್ಣು ಮಂಜೋ, ಉಸಿರಾಟದ ಕಷ್ಟವೋ ಇದ್ದರೆ ಆ 15 ನಿಮಿಷವೂ ಬೇಡ. ‘ಕಾಲು ಊದೋದು ಎಲ್ಲರಿಗೂ ಇದ್ದದ್ದೇ’ ಎಂಬ ಹಿರಿಯರ ಮಾತು ಪಾದದ ಮಟ್ಟಿಗೆ ಬಹುಪಾಲು ನಿಜ. ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ, ಉಂಗುರ ಬಿಗಿಯಾದರೆ ಬಿಪಿ ನೋಡಲೇಬೇಕು.

ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ‘ನನಗೆ ಆಸ್ಪಿರಿನ್ ಬೇಕೇ?’ ಹಿಂದಿನ ಬಸುರಿನಲ್ಲಿ ಬಿಪಿ ತೊಂದರೆಯಾಗಿದ್ದರೆ, ಅವಳಿಜವಳಿ ಇದ್ದರೆ, ಬಸುರಿಗೆ ಮುಂಚೆಯೇ ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಈ ಬಸುರಿನಲ್ಲಿ ಬಿಪಿ ತೊಂದರೆ ಬರುವ ಸಂಭವ ಕಮ್ಮಿ ಮಾಡಲು ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಡಲಾಗುತ್ತದೆ. ಚೊಚ್ಚಲು, ವಯಸ್ಸು 35 ಅಥವಾ ಅದಕ್ಕಿಂತ ಹೆಚ್ಚಿರುವುದು, ಅಮ್ಮನಿಗೋ ಅಕ್ಕತಂಗಿಗೋ ಈ ತೊಂದರೆ ಇದ್ದದ್ದು, ಐವಿಎಫ್, ಇಂಥವುಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರೂ ಕೊಡುವುದುಂಟು. 35ರ ಚೊಚ್ಚಲು ನಮ್ಮವರಲ್ಲಿ ಅಪರೂಪವೇನಲ್ಲ. 12ರಿಂದ 28ನೇ ವಾರದೊಳಗೆ ಶುರು ಮಾಡುತ್ತಾರೆ, 16ಕ್ಕೆ ಮುಂಚೆಯಾದರೆ ಉತ್ತಮ. ತಾವಾಗಿಯೇ ನುಂಗುವಂತಿಲ್ಲ, ಕೇಳಬೇಕು. ‘ಬಸುರಿಗೆ ಮಾತ್ರೆ ಯಾಕೆ’ ಎಂದು ಮನೆಯಲ್ಲಿ ಯಾರೋ ನಿಲ್ಲಿಸಿಬಿಡುವುದು ಇಲ್ಲಿ ಆಗುವ ಎಡವಟ್ಟು. ಅದಕ್ಕೇ ಹಿರಿಯರೂ ಸಭೆಯಲ್ಲಿರಬೇಕು ಎನ್ನುವುದು.

ಬಾಣಂತನದ ಮಾತನ್ನು ಅಮ್ಮಂದಿರ ಎದುರು ಗೌರವದಿಂದ ಎತ್ತಿ. ಅದರಲ್ಲಿ ಒಳ್ಳೆಯದೇ ಹೆಚ್ಚು: ತಾಯಿಗೆ ವಿಶ್ರಾಂತಿ, ಬಿಸಿಬಿಸಿ ಊಟ, ಎಣ್ಣೆನೀರು, ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಕೈ. ಅಮೆರಿಕದ ಎಷ್ಟೋ ಬಾಣಂತಿಯರಿಗೆ ಇದು ಸಿಗುವುದಿಲ್ಲ. ಬಿಡಬೇಕಾದವು ಕೆಲವೇ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಅಳೆದು ಕೊಡುವುದು ಬೇಡ, ಬಾಯಾರಿದಷ್ಟೂ ಕುಡಿಯಲಿ. ಮೂರು ವಾರ ಮಂಚದಿಂದ ಇಳಿಸದಿರುವುದು ಬೇಡ. ಹೆರಿಗೆಯ ನಂತರದ ಆರು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಅತಿ ಹೆಚ್ಚು, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಮನೆಯೊಳಗೇ ಓಡಾಡಲಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ಎಣ್ಣೆ ಹಚ್ಚಿ ನೀವಲೇಬೇಡಿ, ಮೊದಲು ತೋರಿಸಿ. ಸಾಂಬ್ರಾಣಿಗೆ ಇದ್ದಿಲ ಕೆಂಡ ಹಾಕುವುದು ಊರಿನ ಗಾಳಿಯಾಡುವ ಮನೆಗೆ ಸರಿ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಅಪಾರ್ಟ್‌ಮೆಂಟಿನಲ್ಲಿ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣಕ್ಕೇ ಎರವಾಗಬಹುದು.

ಲೇಹ್ಯ, ಭಸ್ಮಗಳ ವಿಷಯದಲ್ಲಿ ಗಟ್ಟಿಯಾಗಿಯೇ ಹೇಳಬೇಕು. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸ ಪತ್ತೆಯಾಯಿತು. ಎಲ್ಲರೂ ಭಾರತದಿಂದ ತಂದ ಆಯುರ್ವೇದದ ಮಾತ್ರೆಗಳನ್ನು ತಿನ್ನುತ್ತಿದ್ದವರು. ಸೀಸ ಹೊಕ್ಕುಳಬಳ್ಳಿಯ ಮೂಲಕ ಮಗುವಿನ ಮಿದುಳಿಗೆ ಹೋಗುತ್ತದೆ. ಮನೆಯಲ್ಲೇ ಮಾಡಿದ ಅಂಟಿನುಂಡೆ, ಮೆಣಸು–ಜೀರಿಗೆ ಸಾರು ಇದರ ಲೆಕ್ಕಕ್ಕೆ ಬರುವುದಿಲ್ಲ. ಲೋಹದ ಭಸ್ಮ ಬೆರೆತ ಯಾವುದೂ, ಬಿಡಿಯಾಗಿ ಕೊಂಡ ಕಣ್ಣುಕಪ್ಪು, ಸಿಂಧೂರ ಬೇಡ. ತಿನ್ನುತ್ತಿದ್ದರೆ ಡಬ್ಬಿಯ ಫೋಟೊ ವೈದ್ಯರಿಗೆ ತೋರಿಸಿ. ವೈದ್ಯರೇ, ನೀವು ‘ಔಷಧ ಏನಾದರೂ ತಗೋತೀರಾ’ ಎಂದರೆ ಯಾರೂ ಲೇಹ್ಯದ ಹೆಸರೆತ್ತುವುದಿಲ್ಲ. ‘ಊರಿಂದ ಏನೇನು ತಂದಿದ್ದೀರಿ?’ ಎಂದು ಕೇಳಿ.

ಸಕ್ಕರೆಯ ಪರೀಕ್ಷೆ 24ರಿಂದ 28ನೇ ವಾರದಲ್ಲಿ. 50 ಗ್ರಾಂ ಗ್ಲೂಕೋಸ್ ಕುಡಿಸಿ ಒಂದು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. ಹೆಚ್ಚಿದ್ದರೆ 100 ಗ್ರಾಂನ ಮೂರು ಗಂಟೆಯ ಪರೀಕ್ಷೆ. ತೆಳ್ಳಗಿದ್ದೇನೆ, ನನಗೇಕೆ ಬರುತ್ತದೆ ಎನ್ನುವುದು ಸಲ್ಲದು. ಏಷ್ಯನ್ ಮೂಲದವರಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 23 ಮುಟ್ಟಿದರೇ ಸಕ್ಕರೆ ಕಾಯಿಲೆಗೆ ಪರೀಕ್ಷೆ ಮಾಡಿ ಎಂದು ಅಮೆರಿಕದ ಡಯಾಬಿಟಿಸ್ ಸಂಘ ಹೇಳುತ್ತದೆ, ಉಳಿದವರಿಗೆ ಅದು 25. ಸಕ್ಕರೆ ಇದೆ ಎಂದಾದ ಮೇಲೆ ಗುರಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ 95ರ ಒಳಗೆ, ಊಟವಾದ ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ. ಡಯಟೀಷಿಯನ್ ಕೊಡುವ ಪಟ್ಟಿಯಲ್ಲಿ ಬ್ರೆಡ್, ಪಾಸ್ತಾ, ಸೀರಿಯಲ್ ಇರುತ್ತವೆ. ಮನೆಯಲ್ಲಿ ಬೇಯುವುದು ಅನ್ನ, ಮುದ್ದೆ, ಉಪ್ಪಿಟ್ಟು. ಅಮೆರಿಕದ ಅಳತೆ ಕಪ್ಪಿನಲ್ಲಿ ಮೂರನೇ ಒಂದು ಭಾಗ ಅನ್ನಕ್ಕೆ 15 ಗ್ರಾಂ ಕಾರ್ಬೊಹೈಡ್ರೇಟ್, ಅಂದರೆ ಒಂದು ಕಪ್ಪಿಗೆ 45. ರಾಗಿ ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ಬಲವಾಗಿದೆ. ರಾಗಿ ಹಿಟ್ಟಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಕಾರ್ಬೊಹೈಡ್ರೇಟೇ. ಮುದ್ದೆ ಉಣ್ಣಲಿ, ಗಾತ್ರ ಸಣ್ಣದಿರಲಿ, ಸೊಪ್ಪಿನ ಸಾರು, ಕಾಳು ಹೆಚ್ಚಿರಲಿ, ಒಂದು ಗಂಟೆಗೆ ಮೀಟರ್ ಏನು ಹೇಳುತ್ತದೋ ಅದನ್ನು ನಂಬಲಿ. ಹೆರಿಗೆಯಾದ 4ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಮಗುವಿನ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಅಂಗೈ, ಅಂಗಾಲು ರಾತ್ರಿ ಹೊತ್ತು ಕೆರೆಯುತ್ತ, ಮೈಮೇಲೆ ಗುಳ್ಳೆಯಿಲ್ಲದಿದ್ದರೆ ‘ಪಿತ್ತ’ ಎಂದು ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಿರಬಾರದು. ಅದು ಯಕೃತ್ತಿನಿಂದ ಪಿತ್ತರಸ ಸರಿಯಾಗಿ ಹರಿಯದಿರುವುದರ ಲಕ್ಷಣವಾಗಿರಬಹುದು. ಬ್ರಿಟನ್ನಿನಲ್ಲಿ ಒಟ್ಟು ಬಸುರಿಯರಲ್ಲಿ ಇದು ನೂರಕ್ಕೆ 0.7, ಭಾರತ–ಪಾಕಿಸ್ತಾನ ಮೂಲದವರಲ್ಲಿ 1.2ರಿಂದ 1.5. ರಕ್ತದಲ್ಲಿ ಪಿತ್ತಾಮ್ಲದ ಪರೀಕ್ಷೆ ಮಾಡಿಸಬೇಕು; ಅದು ಲೀಟರಿಗೆ 100 ಮೈಕ್ರೊಮೋಲ್ ದಾಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಏರುವುದರಿಂದ ಹೆರಿಗೆಯನ್ನು ಮುಂಚೆಯೇ ಮಾಡಿಸುತ್ತಾರೆ.

ವೈದ್ಯರಿಗೂ ನರ್ಸ್‌ಗಳಿಗೂ ನಮ್ಮ ದೊಡ್ಡ ಕೋರಿಕೆ ಚರ್ಮದ ಬಣ್ಣದ ಬಗ್ಗೆ. ಪುಸ್ತಕಗಳು, ಕರಪತ್ರಗಳು ‘ಕೆಂಪಾಗಿದ್ದರೆ ತಿಳಿಸಿ’ ಎನ್ನುತ್ತವೆ. ಕಂದು, ಕಪ್ಪು ಚರ್ಮದಲ್ಲಿ ಎಷ್ಟೋ ಸಲ ಕೆಂಪು ಕಾಣುವುದೇ ಇಲ್ಲ. ಕೀವಾಗುತ್ತಿರುವ ಹೊಲಿಗೆ ಅಕ್ಕಪಕ್ಕದ ಚರ್ಮಕ್ಕಿಂತ ಕಡುಗಪ್ಪಾಗಿ ಅಥವಾ ನೇರಳೆಯಾಗಿ, ಬಿಗಿದು ಹೊಳೆಯುತ್ತ ಇರಬಹುದು. ಹಾಲು ಕಟ್ಟಿ ಸೋಂಕಾದ ಎದೆ ಮುಟ್ಟಿದರೆ ಬಿಸಿ, ಗಟ್ಟಿ, ನೋವು. ಬಣ್ಣ ಬದಲಾಗದೇ ಇರಬಹುದು. ಆದ್ದರಿಂದ ಹಾಳೆಯಲ್ಲಿ ‘ಕೆಂಪು’ ಎಂದಷ್ಟೇ ಬರೆಯದೆ ಬಿಸಿ, ಊತ, ನೋವು, ಬಣ್ಣ ಬದಲಾಗುವುದು ಎಂದು ಬರೆಯಿರಿ, ಕೈಯ ಹಿಂಭಾಗದಿಂದ ಮುಟ್ಟಿ ಎರಡೂ ಕಡೆ ಹೋಲಿಸಲು ಕಲಿಸಿ. ರಕ್ತ ಕಮ್ಮಿಯಾಗಿ ಬಿಳಿಚಿಕೊಂಡಿರುವುದನ್ನು ಕೆಳರೆಪ್ಪೆಯ ಒಳಭಾಗ ಮತ್ತು ನಾಲಿಗೆಯಲ್ಲಿ ನೋಡಬೇಕು. ಮಗುವಿನ ಕಾಮಾಲೆಯನ್ನು ಕಣ್ಣಿನ ಬಿಳಿಯಲ್ಲಿ, ವಸಡಿನಲ್ಲಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕಪ್ಪು ಚರ್ಮದಲ್ಲಿ ರಕ್ತದ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಲ್ಲದು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಕಣ್ಣಿಗೆ ಬೀಳದ ಆಮ್ಲಜನಕದ ಕೊರತೆ ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಇತ್ತು. ಬಾಣಂತಿ ಉಸಿರು ಕಟ್ಟುತ್ತಿದೆ ಎಂದಾಗ ಯಂತ್ರದ 96ನ್ನು ತೋರಿಸಿ ಮನೆಗೆ ಕಳಿಸಬೇಡಿ. ನಿಮ್ಮೆದುರು ಬರುವ ಕಪ್ಪು ಹೆಂಗಸು ಮೂರನೇ ಸಲ ಅದೇ ನೋವಿಗೆ ಬಂದಿದ್ದರೆ, ಆ ಮೂರನೇ ಸಲವೇ ಒಂದು ಲಕ್ಷಣ ಎಂದು ತಿಳಿದು ಮೊದಲಿನಿಂದ ಪರೀಕ್ಷಿಸಿ.

ದುಭಾಷಿಯ ಹಕ್ಕು ಬಹುತೇಕರಿಗೆ ಗೊತ್ತಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತರಬೇತಿ ಪಡೆದ ದುಭಾಷಿಯನ್ನು ಪುಕ್ಕಟೆಯಾಗಿ ಒದಗಿಸಬೇಕು, ಫೋನಿನಲ್ಲಾದರೂ ಸರಿ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ, ದಾಖಲೆಯಲ್ಲಿ ಬರೆಸಿ. ಭಾಷೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿ, ಇಲ್ಲದಿದ್ದರೆ ಹಿಂದಿ ಎಂದು ಬರೆದುಕೊಳ್ಳುವ ಸಂಭವವಿದೆ. ಗಂಡನೇ ಅನುವಾದಿಸಿದರೆ ಸಾಲದೇ ಎಂದು ಕೇಳಬಹುದು. ಹಿಂದಿನ ಗರ್ಭಪಾತ, ಮನೆಯಲ್ಲಿ ಹೊಡೆತ ಬಡಿತ, ಅಳು ಬರುವುದು, ಇವನ್ನು ಯಾವ ಹೆಂಗಸೂ ಗಂಡನ ಬಾಯಿಂದ, ಅತ್ತೆಯ ಎದುರು ಹೇಳಿಸಲಾರಳು. ಪ್ರತಿ ಬಸುರಿಗೂ ಒಂದು ಭೇಟಿಯಲ್ಲಾದರೂ ಐದು ನಿಮಿಷ ಒಬ್ಬಳೇ ಇರುವ ಅವಕಾಶ ಕೊಡಿ, ಅದು ಕಚೇರಿಯ ನಿಯಮ ಎಂದು ಮನೆಯವರಿಗೆ ಹೇಳಿ.

ಮನಸ್ಸಿನ ಪರೀಕ್ಷೆಗೆ ಎಡಿನ್‌ಬರ್ಗ್ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳಿವೆ, ಕನ್ನಡದಲ್ಲೂ ಇದೆ. ಕೂಟದ ಸಭೆಯಲ್ಲಿ ಅದನ್ನು ತುಂಬಿಸಬೇಡಿ. ಹೀಗೊಂದಿದೆ, ವೈದ್ಯರು ಕೊಡುತ್ತಾರೆ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುವ ಹತ್ತನೇ ಪ್ರಶ್ನೆಗೆ ನಿಜ ಹೇಳಿದರೆ ಸಹಾಯ ಸಿಗುತ್ತದೆ ಎಂದಷ್ಟೇ ತಿಳಿಸಿ. 2022ರಲ್ಲಿ ಶುರುವಾದ ತಾಯಂದಿರ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಹಾಯವಾಣಿ 1-833-852-6262 ಹಗಲೂ ರಾತ್ರಿ ತೆರೆದಿರುತ್ತದೆ, ದುಭಾಷಿಯನ್ನು ಕೇಳಬಹುದು. ನಿದ್ದೆಯಿಲ್ಲದೆ, ಇಲ್ಲದ್ದನ್ನು ಕಂಡಂತೆ, ಕೇಳಿದಂತೆ ಮಾತಾಡತೊಡಗಿದರೆ, ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುವುದು ಅದನ್ನೇ, 911.

ಹಾಳೆಯನ್ನು ಅಚ್ಚು ಹಾಕಿಸುವ ಮುಂಚೆ ಐದು ಮಂದಿಗೆ ಓದಲು ಕೊಡಿ: ಇಬ್ಬರು ಬಸುರಿಯರು, ಇಬ್ಬರು ಅಮ್ಮಂದಿರು, ಒಬ್ಬ ಗಂಡ. ಓದಿ ಮುಗಿಸಿದ ಮೇಲೆ ಹಾಳೆ ತೆಗೆದಿಟ್ಟು ಕೇಳಿ: ‘ಹೆರಿಗೆಯಾಗಿ ಐದು ದಿನ, ರಾತ್ರಿ ಎರಡು ಗಂಟೆ, ತಲೆನೋವು, ಬಿಪಿ 162. ಏನು ಮಾಡ್ತೀರಿ?’ ಇಬ್ಬರು ತಡವರಿಸಿದರೆ ವಾಕ್ಯ ಸರಿಯಿಲ್ಲ. ತಿದ್ದಿ, ಹೊಸ ಐದು ಮಂದಿಗೆ ಕೊಡಿ. ಸಭೆಗೆ ಎರಡು ಬಿಪಿ ಯಂತ್ರ, ಬೇರೆ ಬೇರೆ ಅಳತೆಯ ಎರಡು ತೋಳಿನ ಪಟ್ಟಿ, ಒಂದು ಅಳತೆ ಕಪ್ಪು, ಒಂದು ಪಾತ್ರೆ ಅನ್ನ ತನ್ನಿ. ಮೂರು ನಾಲ್ಕು ಬಸುರಿಯರಿದ್ದರೂ ಸಾಕು, ಪ್ರತಿಯೊಬ್ಬರ ಮನೆಯವರೂ ಒಂದೊಂದು ಸಲ ಕೈಯಾರೆ ಅಳೆದು ತೋರಿಸಲಿ.

ಇಂತಿ,
ಬಸುರಿ–ಬಾಣಂತಿಯರ ಆರೋಗ್ಯಕ್ಕಾಗಿ ದುಡಿಯುವ ಕನ್ನಡಿಗರು